ಸಾಲಕ್ಕೆ ಒಂದು ಲೆಕ್ಕ, ಮುಪ್ಪಿಗೆ ಇನ್ನೊಂದು: ನಾನು ಮಾಡಿ ನೋಡಿದ ದಾರಿಗಳು

ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ವಯಸ್ಸು 46. ಐವತ್ತೆಂಟಕ್ಕೆ ಮನೆಗೆ. "ಪಿಎಫ್ ಪಿಂಚಣಿ ಬರುತ್ತಲ್ಲ, ನಿಮಗೇನು ಚಿಂತೆ?" ಎನ್ನುವವರು ಬಹಳ. ಬರುತ್ತದೆ, ಆದರೆ ಎಷ್ಟು? ಪಿಂಚಣಿ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 2014ರಲ್ಲಿ ನಿಗದಿಯಾದ ಮಿತಿ 15,000 ರೂಪಾಯಿ. 25 ವರ್ಷದ ಸರ್ವಿಸಿಗೆ ನಿಯಮದಂತೆ ಸೇರುವ 2 ವರ್ಷ ಕೂಡಿಸಿ, ಅದನ್ನು 27ರಿಂದ ಗುಣಿಸಿ 70ರಿಂದ ಭಾಗಿಸಿ. ತಿಂಗಳಿಗೆ 5,786. ಅದರಲ್ಲಿ ಇಬ್ಬರ ಸಂಸಾರ ನಡೆಯಬೇಕು.

ಸಾಲ ಮೂರಿದ್ದವು. ಮೊಬೈಲ್ ಕಂತು, ಬಡ್ಡಿ ಇಲ್ಲದ್ದು. ಬೈಕ್ ಸಾಲ, ಫ್ಲಾಟ್ 12 ಪರ್ಸೆಂಟ್. ತಂಗಿಯ ಮದುವೆಗೆ ತಂದ 80,000, ನೂರಕ್ಕೆ ಮೂರು ರೂಪಾಯಿ ಬಡ್ಡಿ.

ಮೊದಲು ಸಣ್ಣದನ್ನು ಮುಗಿಸುವ ದಾರಿ ಹಿಡಿದೆ. ಮೊಬೈಲ್ ಕಂತು ಬೇಗ ತೀರಿತು. ಪುಸ್ತಕದಲ್ಲಿ ಒಂದು ಗೆರೆ ಹೊಡೆಯುವಾಗ ಖುಷಿಯೂ ಆಯಿತು. ಬಡ್ಡಿಯಲ್ಲಿ ಉಳಿದದ್ದು ಮಾತ್ರ ಸೊನ್ನೆ, ಬಡ್ಡಿಯೇ ಇಲ್ಲದ ಸಾಲ ಅದು! ಆ ಕಡೆ 80,000ಕ್ಕೆ ತಿಂಗಳಿಗೆ 2,400 ಹೋಗುತ್ತಲೇ ಇತ್ತು, ಅಸಲು ಅಲ್ಲಾಡದೆ. ವರ್ಷಕ್ಕೆ 28,800.

ಹಾಗಾಗಿ ಎರಡನೇ ದಾರಿ: ಬಡ್ಡಿ ಜಾಸ್ತಿ ಇರುವುದು ಮೊದಲು. ಇಲ್ಲೊಂದು ತೊಡಕು ಬಂತು. ಬಡ್ಡಿಗೆ ಕೊಟ್ಟವರು ಅಸಲನ್ನು ಬಿಡಿಬಿಡಿಯಾಗಿ ತೆಗೆದುಕೊಳ್ಳುವುದಿಲ್ಲ, ಕೊಟ್ಟರೆ ಪೂರ್ತಿ ಕೊಡಬೇಕು. ಕೂಡಿಸಿ ಕೊಡೋಣ ಎಂದರೆ ಕೂಡಿಸುವಷ್ಟು ದಿನವೂ ಬಡ್ಡಿ ಓಡುತ್ತದೆ. ಕೊನೆಗೆ ಮನೆಯವರೇ ಹೇಳಿದರು: "ಬಂಗಾರ ಟ್ರಂಕಿನ್ಯಾಗ ಇದ್ರ ನಮಗೇನು ಬಡ್ಡಿ ಕೊಡ್ತೈತೇನ್ರೀ?" ಬ್ಯಾಂಕಿನಲ್ಲಿ ಅಡ ಇಟ್ಟೆವು, 10 ಪರ್ಸೆಂಟಿಗೆ. ಅದೇ 80,000ಕ್ಕೆ ವರ್ಷದ ಬಡ್ಡಿ 8,000. ಜೊತೆಗೆ ಕೈಯಲ್ಲಿದ್ದಾಗ ಐದು ಸಾವಿರ, ಎರಡು ಸಾವಿರ ಕಟ್ಟುತ್ತಾ ಅಸಲು ಇಳಿಸಬಹುದು. ಎರಡೂ ದಾರಿಯಲ್ಲಿ ನಡೆದವನಾಗಿ ಹೇಳುತ್ತೇನೆ, ಸಾಲದ ವಿಷಯದಲ್ಲಿ ಮನಸ್ಸಿನ ಸಮಾಧಾನ ನೋಡಬೇಡಿ, ಬಡ್ಡಿ ನೋಡಿ.

ಬೈಕ್ ಸಾಲದ ಬಗ್ಗೆ ಒಂದು ಮಾತು. ಒಂದು ಲಕ್ಷಕ್ಕೆ ಮೂರು ವರ್ಷ, ಫ್ಲಾಟ್ 12 ಎಂದರೆ ಕಂತು 3,778. ಅಸಲು ಇಳಿದರೂ ಬಡ್ಡಿ ಪೂರ್ತಿ ಲಕ್ಷದ ಮೇಲೆಯೇ. ಇಳಿಯುವ ಅಸಲಿನ ಲೆಕ್ಕ ಹಾಕಿದರೆ ಅದು ಸುಮಾರು 21 ಪರ್ಸೆಂಟ್. 12 ಅಂತ ಕೇಳಿ ಅಗ್ಗ ಎಂದುಕೊಳ್ಳುತ್ತೇವೆ, ಅಲ್ವಾ?

ಖರ್ಚಿನ ಕಡೆ ತರಕಾರಿಯಲ್ಲಿ ಹತ್ತು ರೂಪಾಯಿ ಚೌಕಾಸಿ ಮಾಡಿ ಏನೂ ಆಗಲಿಲ್ಲ. ಸುಗ್ಗಿಯಲ್ಲಿ ರಾಜೇಂದ್ರ ಗಂಜ್‌ನಿಂದ ಜೋಳದ ಚೀಲ ತಂದು ಗಿರಣಿಗೆ ಹಾಕಿಸುವುದು ಪಾಕೀಟು ಹಿಟ್ಟಿಗಿಂತ ಅಗ್ಗ, ರೊಟ್ಟಿಯೂ ಚೆನ್ನಾಗಿ ಬಡಿಯಲು ಬರುತ್ತದೆ. ದೊಡ್ಡ ವ್ಯತ್ಯಾಸ ಕಂಡದ್ದು ಬೇಸಿಗೆಯಲ್ಲಿ. ಒಂದು ಬೇಸಿಗೆ ಎಸಿ ಬಾಡಿಗೆಗೆ ತಂದೆವು, ಮುಂದಿನ ಬೇಸಿಗೆ ಕೂಲರ್. ಒಂದೂವರೆ ಟನ್ನಿನ ಹಳೇ ಎಸಿ ರಾತ್ರಿಯಿಡೀ ಓಡಿದರೆ ಸುಮಾರು 10 ಯೂನಿಟ್, ಕೂಲರ್‌ಗೆ ಎರಡರೊಳಗೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಎಸಿ ಇದ್ದ ತಿಂಗಳು ದಾಟದೇ ಇರುತ್ತದೆಯೇ? ನಮ್ಮದು ಒಣ ಬಿಸಿಲಿನ ಊರು, ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯವರಿಗೆ ಈ ಮಾತು ಹೇಳುವುದಿಲ್ಲ.

ಇನ್ನು ಕೂಡಿಡುವುದು. ಚೀಟಿ, ಪೋಸ್ಟ್ ಆಫೀಸ್ ಆರ್‌ಡಿ, ವಿಪಿಎಫ್ ಮೂರನ್ನೂ ಮಾಡಿದ್ದೇನೆ.

ಚೀಟಿ ಬೇಗ ಎತ್ತುವವನಿಗೆ ಸಾಲ, ಕೊನೆಗೆ ಎತ್ತುವವನಿಗೆ ಉಳಿತಾಯ. ಮೊದಲ ತಿಂಗಳುಗಳಲ್ಲಿ ಅವಸರ ಇದ್ದವರು ಸವಾಲಿನಲ್ಲಿ ಜಾಸ್ತಿ ಬಿಟ್ಟುಕೊಡುತ್ತಾರೆ, ಆ ಲಾಭ ಉಳಿದವರಿಗೆ ಹಂಚಿ ಬರುತ್ತದೆ. ಕೊನೆಯತನಕ ಕುಳಿತವನಿಗೆ ಒಳ್ಳೆಯ ಗಳಿಕೆಯೇ. ಆದರೆ ಎತ್ತಿದವರು ಕಂತು ಕಟ್ಟುತ್ತಾರೋ ಇಲ್ಲವೋ ಎಂಬ ಭಯವೂ ಅವನದೇ. ನಾನು ಸೇರಿದ್ದು ಓಣಿಯ ಚೀಟಿ, ನೋಂದಣಿ ಇಲ್ಲದ್ದು. ದುಡ್ಡು ಬಂತು, ತಡವಾಗಿ. ಮುಪ್ಪಿನ ದುಡ್ಡಿಗೆ ಈ ಪರಿ ಎದೆಬಡಿತ ಬೇಡ.

ಆರ್‌ಡಿ ಎಂದರೆ ತಿಂಗಳು ತಿಂಗಳು ಇಷ್ಟು ಅಂತ ಕಟ್ಟುವ ಖಾತೆ, ಸುರಕ್ಷಿತ. ಐದು ವರ್ಷ, 6.7 ಪರ್ಸೆಂಟ್. ಮೂರು ವರ್ಷದ ಮೇಲೆ ಮುರಿಸಬಹುದು, ಆಗ ಉಳಿತಾಯ ಖಾತೆಯ ಬಡ್ಡಿ ಮಾತ್ರ. ತೊಂದರೆ ಅಂದರೆ ಮುರಿಸುವುದು ಸುಲಭ. ಮಗನ ಫೀಜು ಬಂದಾಗ ನಮ್ಮ ಕಣ್ಣು ಮೊದಲು ಹೋದದ್ದು ಅದರ ಮೇಲೆಯೇ.

ವಿಪಿಎಫ್ ಎಂದರೆ ಸಂಬಳದಲ್ಲಿ ಕಡ್ಡಾಯವಾಗಿ ಹಿಡಿಯುವ 12 ಪರ್ಸೆಂಟಿನ ಮೇಲೆ ನಾವೇ ಹೇಳಿ ಇನ್ನಷ್ಟು ಹಿಡಿಸುವುದು. ಮಾಲೀಕರು ಹೆಚ್ಚಿಗೆ ಸೇರಿಸುವುದಿಲ್ಲ, ಬಡ್ಡಿ ಮಾತ್ರ ಪಿಎಫ್‌ದೇ. 2024-25ಕ್ಕೆ 8.25 ಪರ್ಸೆಂಟ್. ಅದಕ್ಕಿಂತ ನನಗೆ ಹಿಡಿಸಿದ್ದು, ದುಡ್ಡು ಕೈಗೆ ಬರುವ ಮೊದಲೇ ಹೋಗಿಬಿಡುತ್ತದೆ. ಬಾರದ ದುಡ್ಡಿನ ಮೇಲೆ ಮನೆಯಲ್ಲಿ ಜಗಳವೂ ಇಲ್ಲ. ಚೀಟಿಯ ಗಳಿಕೆ ಇದಕ್ಕಿಂತ ಜಾಸ್ತಿ ಇದ್ದರೂ ನಾನು ಇದನ್ನೇ ಆರಿಸುತ್ತೇನೆ. ಬೈಕ್ ಕಂತು ಮುಗಿದ ಮೇಲೆ ಆ 3,778 ಕೂಡ ಇದಕ್ಕೇ ಹೋಗಲಿದೆ. ನಮ್ಮ ಮಿಲ್ಲಿನಲ್ಲಿ ಬದಲಾವಣೆ ಏಪ್ರಿಲ್‌ನಲ್ಲಿ ಮಾತ್ರ, ಅದೊಂದು ನೆನಪಿಡಬೇಕು.

ನನ್ನ ತಮ್ಮನಿಗೆ ಈ ದಾರಿ ಇಲ್ಲ, ಅವನದು ಸ್ವಂತ ಟೇಲರಿಂಗ್ ಅಂಗಡಿ. ವಯಸ್ಸು 38. ಅಟಲ್ ಪಿಂಚಣಿಗೆ ಸೇರಲು 40ರವರೆಗೆ ಅವಕಾಶ, ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್‌ನಿಂದ ಇಲ್ಲ. ಅವನ ವಯಸ್ಸಿಗೆ ತಿಂಗಳಿಗೆ 1,196 ಕಟ್ಟಿದರೆ ಅರವತ್ತರ ನಂತರ 5,000 ಪಿಂಚಣಿ. ಬೆಲೆ ಏರಿದ ಹಾಗೆ ಅದು ಏರುವುದಿಲ್ಲ. ಹಾಗಾಗಿ ಜೊತೆಗೆ ಪಿಪಿಎಫ್ ಎಂಬ ಸರ್ಕಾರದ ಉಳಿತಾಯ ಖಾತೆ ತೆರೆಸಿದ್ದೇನೆ: 15 ವರ್ಷ, 7.1 ಪರ್ಸೆಂಟ್, ವರ್ಷಕ್ಕೆ 500 ಕಟ್ಟಿದರೂ ಖಾತೆ ನಡೆಯುತ್ತದೆ. ಮದುವೆ ಸೀಜನ್ನಿನಲ್ಲಿ ಬ್ಲೌಸು ಹೊಲಿದು ದುಡ್ಡು ಬಂದಾಗ ಜಾಸ್ತಿ ಹಾಕುತ್ತಾನೆ. ತಿಂಗಳ 5ನೇ ತಾರೀಖಿನೊಳಗೆ ಹಾಕಿದರೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ ಎಂದು ಅವನ ಅಂಗಡಿಯ ಕ್ಯಾಲೆಂಡರಿನಲ್ಲಿ ನಾನೇ ಗುರುತು ಹಾಕಿ ಬಂದಿದ್ದೇನೆ.