ಅಂಗಡಿಯ ಫೋನ್ ವ್ಯವಸ್ಥೆ ಬದಲಿಸುವ ಮುನ್ನ ಆ ನಂಬರ್ ಯಾರ ಹೆಸರಿನಲ್ಲಿದೆ ಎಂದು ಕೇಳಿ

ಸಣ್ಣ ವ್ಯಾಪಾರ ನಡೆಸುವವರು ಹೊಸ ಫೋನ್ ವ್ಯವಸ್ಥೆಯ ವಿಚಾರಕ್ಕೆ ಕೈಹಾಕಿದಾಗ ಎದುರಾಗುವ ಮೊದಲ ಪ್ರಶ್ನೆ, ತಿಂಗಳ ಬಾಡಿಗೆ ಕಟ್ಟಿ, ಇಂಟರ್‌ನೆಟ್ ಮೂಲಕ ಫೋನ್ ಕರೆಗಳನ್ನು ನಿರ್ವಹಿಸಿಕೊಡುವ ಕ್ಲೌಡ್ ಟೆಲಿಫೋನಿ ಕಂಪನಿಯವರ ಸೇವೆ ಪಡೆಯಬೇಕೋ ಅಥವಾ ಅಂಗಡಿಯಲ್ಲೇ ಕರೆಗಳನ್ನು ಹಂಚುವ ಸ್ವಂತ ಪೆಟ್ಟಿಗೆ ಇಟ್ಟುಕೊಳ್ಳಬೇಕೋ ಎಂಬುದು. ದಾವಣಗೆರೆಯ ಸುತ್ತಮುತ್ತ ಕೊಳವೆಬಾವಿ ಮೋಟಾರುಗಳ ಮಾರಾಟ ಮತ್ತು ರಿವೈಂಡಿಂಗ್ (ಸುಟ್ಟ ತಂತಿಸುರುಳಿಯನ್ನು ಹೊಸದಾಗಿ ಸುತ್ತುವ) ಕೆಲಸ ಮಾಡುವ ನಮ್ಮ ಕುಟುಂಬದ ಅಂಗಡಿಯಲ್ಲಿ ಈ ಎರಡೂ ಬಗೆಯನ್ನು ಒಂದರ ಹಿಂದೆ ಒಂದರಂತೆ ನಡೆಸಿ, ಎರಡರಲ್ಲೂ ನಷ್ಟ ಅನುಭವಿಸಿದ್ದೇವೆ. ಬಾಡಿಗೆಯದ್ದಾಗಲಿ ಸ್ವಂತದ್ದಾಗಲಿ, ನಮಗೆ ಪೆಟ್ಟು ಬಿದ್ದದ್ದು ಯಂತ್ರದಿಂದಲ್ಲ. ಮೊದಲ ಸಲ ನಂಬರ್ ನಮ್ಮ ಹೆಸರಿನಲ್ಲಿರಲಿಲ್ಲ. ಎರಡನೆಯ ಸಲ ಪಾಸ್‌ವರ್ಡ್ ನಮ್ಮ ಕೈಯಲ್ಲಿರಲಿಲ್ಲ. ಇದೇ ದಾರಿಯಲ್ಲಿ ಹೊರಟಿರುವ ಇತರರಿಗೆ ತಿಳಿದಿರಲಿ ಎಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ವ್ಯಾಪಾರಕ್ಕೆ ಫೋನ್ ಎಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಬೇಕು. ಮಾರ್ಚಿಯಿಂದ ಮೇ ತಿಂಗಳವರೆಗೆ ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಮೋಟಾರು ಸುಟ್ಟರೆ ಕಾಯುವುದಕ್ಕೆ ಸಮಯವಿರುವುದಿಲ್ಲ. ವೋಲ್ಟೇಜ್ ಇಳಿದೋ, ಒಂದು ಫೇಸ್ ಹೋಗಿಯೋ ವೈಂಡಿಂಗ್ ಸುಟ್ಟುಹೋದ ಕೂಡಲೇ ರೈತರು ಪಂಪ್‌ಹೌಸಿನಲ್ಲಿ ನಿಂತು, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿರುವ ನಮ್ಮ ಸ್ಟಿಕ್ಕರ್ ನೋಡಿ ಅದರಲ್ಲಿರುವ ನಂಬರಿಗೆ ಕರೆ ಮಾಡುತ್ತಾರೆ. ಮೋಟಾರು ಎತ್ತುವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಅಷ್ಟರಲ್ಲಿ ಬದಲಿ ಮೋಟಾರು ಸಿಗುತ್ತದೆಯೇ ಎಂಬುದು ಆ ಒಂದು ಕರೆಯಲ್ಲಿ ನಿರ್ಧಾರವಾಗುತ್ತದೆ. ಆ ಸ್ಟಿಕ್ಕರ್ ಹತ್ತಾರು ವರ್ಷ ಹಾಗೆಯೇ ಇರುತ್ತದೆ. ಬಿಲ್ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕಿಸಬಹುದು. ಊರೂರಿನ ಪಂಪ್‌ಹೌಸುಗಳಲ್ಲಿ ಅಂಟಿರುವ ಸ್ಟಿಕ್ಕರುಗಳನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲ.

ಮೊದಲು ನಮ್ಮಲ್ಲಿ ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗಳೂ ಬಂದ ಕರೆಗಳನ್ನು ಒಳಗಿನ ಫೋನುಗಳಿಗೆ ಹಂಚುವ ಒಂದು ಹಳೆಯ ಇಪಿಎಬಿಎಕ್ಸ್ ಪೆಟ್ಟಿಗೆಯೂ ಇದ್ದವು. ಪೆಟ್ಟಿಗೆ ಕೆಟ್ಟು ಬಿಡಿಭಾಗ ಸಿಗದಂತಾದಾಗ ಬೆಂಗಳೂರಿನ ಕ್ಲೌಡ್ ಟೆಲಿಫೋನಿ ಸಂಸ್ಥೆಯೊಂದರ ಪ್ರತಿನಿಧಿ ಬಂದು, ಒಂದೇ ಹೊಸ ನಂಬರ್, ಕನ್ನಡದಲ್ಲಿ ಸ್ವಾಗತದ ಧ್ವನಿ, ಮಾರಾಟಕ್ಕೆ ಒಂದು ಒತ್ತಿ ದುರಸ್ತಿಗೆ ಎರಡು ಒತ್ತಿ ಎಂಬ ಐವಿಆರ್, ಎಲ್ಲ ಕರೆಗಳ ಧ್ವನಿಮುದ್ರಣ, ಮತ್ತು ಯಾವ ಹುಡುಗ ಎಲ್ಲಿದ್ದರೂ ಅವನ ಮೊಬೈಲಿಗೇ ಕರೆ ಹೋಗುವ ಏರ್ಪಾಡನ್ನು ತೋರಿಸಿದರು. ಸೇವೆ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ತಪ್ಪಿದ ಕರೆಗಳ ಪಟ್ಟಿ ಪ್ರತಿ ಸಂಜೆ ಸಿಗುತ್ತಿದ್ದರಿಂದ ವ್ಯಾಪಾರವೂ ಹೆಚ್ಚಿತು. “ಇನ್ನು ಇದು ನಿಮ್ಮದೇ ನಂಬರ್ ಸರ್” ಎಂದು ಅವರು ಬಾಯಲ್ಲಿ ಹೇಳಿದ್ದರು. ಆ ಮಾತಿನ ಮೇಲೆ ಸ್ಟಿಕ್ಕರುಗಳು, ಬೋರ್ಡುಗಳು, ಗೋಡೆ ಬರಹಗಳು ಎಲ್ಲವೂ ಹೊಸ ನಂಬರಿಗೆ ಬದಲಾದವು.

ಬೇಸಿಗೆಯ ನಡುವಿನ ಒಂದು ಬೆಳಿಗ್ಗೆ ಒಳಬರುವ ಕರೆಗಳು ಇದ್ದಕ್ಕಿದ್ದಂತೆ ನಿಂತುಹೋದವು. ಮಧ್ಯಾಹ್ನ ಗಾಡಿಯಲ್ಲಿ ಸುಟ್ಟ ಮೋಟಾರು ಹೇರಿಕೊಂಡು ಬಂದ ಹಳೆಯ ಗಿರಾಕಿಯೊಬ್ಬರು, “ಏನ್ ಸ್ವಾಮಿ, ಅಂಗಡಿ ಮುಚ್ಚಿಬಿಟ್ರಾ? ಫೋನ್ ಹೋಗ್ತಾನೇ ಇಲ್ಲವಲ್ಲ” ಎಂದು ಕೇಳಿದ ಮೇಲೆಯೇ ನಮಗೆ ವಿಷಯ ತಿಳಿದದ್ದು. ಸಂಸ್ಥೆಯವರನ್ನು ವಿಚಾರಿಸಿದಾಗ, ಅವರು ಟೆಲಿಕಾಂ ಕಂಪನಿಯಿಂದ ಪಡೆದಿದ್ದ ನಂಬರುಗಳ ಸಾಲಿನಲ್ಲಿ ಬೇರೆ ಯಾರೋ ಗ್ರಾಹಕರು ನೋಂದಣಿಯಿಲ್ಲದೆ ಜಾಹೀರಾತು ಕರೆಗಳನ್ನು ಮಾಡಿದ್ದರಿಂದ ಇಡೀ ಸಂಪರ್ಕವನ್ನೇ ಕಡಿದುಹಾಕಲಾಗಿದೆ ಎಂಬ ಉತ್ತರ ಬಂತು. ಇಂಥ ಕಡಿತಕ್ಕೆ ನಿಯಮವಂತೂ ಇದೆ. 2024ರ ಆಗಸ್ಟ್ 13ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹೊರಡಿಸಿದ ನಿರ್ದೇಶನದ ಪ್ರಕಾರ, ನೋಂದಣಿಯಿಲ್ಲದೆ ಸಿಪ್ ಅಥವಾ ಪಿಆರ್‌ಐ ಎಂಬ, ಒಟ್ಟಿಗೆ ಹಲವು ಕರೆ ಸಾಗಿಸುವ ಸಂಪರ್ಕಗಳಿಂದ ಪ್ರಚಾರ ಕರೆ ಮಾಡುವವರ ಎಲ್ಲ ದೂರಸಂಪರ್ಕ ಸೌಲಭ್ಯಗಳನ್ನು ಕಡಿತಗೊಳಿಸಿ, ಅವರನ್ನು ಎರಡು ವರ್ಷಗಳವರೆಗೆ ಕಪ್ಪುಪಟ್ಟಿಗೆ ಸೇರಿಸಬಹುದಿತ್ತು. ಕಾಟ ಕೊಡುವ ಕರೆಗಳನ್ನು ತಡೆಯಲು ಇದು ಬೇಕಾದ ಕ್ರಮವೇ ಎಂದು ನಾನು ಒಪ್ಪುತ್ತೇನೆ. ಆದರೆ ಟೆಲಿಕಾಂ ಕಂಪನಿಯ ದಾಖಲೆಯಲ್ಲಿ ಆ ಸಂಪರ್ಕದ ಗ್ರಾಹಕ ನಮ್ಮ ಅಂಗಡಿಯಾಗಿರಲಿಲ್ಲ, ಆ ಸಂಸ್ಥೆಯಾಗಿತ್ತು. ಆದ್ದರಿಂದ ನಾವು ತಪ್ಪಿತಸ್ಥರಲ್ಲ ಎಂದು ಹೇಳಿಕೊಳ್ಳಲು ಕೂಡ ನಮಗೆ ಅಲ್ಲಿ ಜಾಗವಿರಲಿಲ್ಲ.

ಸಂಸ್ಥೆಯವರು ಹೊಸ ನಂಬರ್ ಕೊಡುತ್ತೇವೆ ಎಂದರು. ಹಳೆಯದನ್ನೇ ಬೇರೆ ಕಂಪನಿಗೆ ಕೊಂಡೊಯ್ಯುತ್ತೇವೆ ಎಂದರೆ ಅದಕ್ಕೆ ದಾರಿಯಿರಲಿಲ್ಲ. ನಮ್ಮ ದೇಶದಲ್ಲಿ 2011ರ ಜನವರಿ 20ರಿಂದ ಎಲ್ಲೆಡೆ ಜಾರಿಯಲ್ಲಿರುವ ನಂಬರ್ ಪೋರ್ಟಬಿಲಿಟಿ ಮೊಬೈಲ್ ನಂಬರುಗಳಿಗೆ ಮಾತ್ರ ಅನ್ವಯಿಸುತ್ತದೆ, ನಮ್ಮದರಂತೆ ಊರಿನ ಎಸ್‌ಟಿಡಿ ಕೋಡ್ ಇರುವ ಸ್ಥಿರ ದೂರವಾಣಿಯ ನಂಬರುಗಳಿಗೆ ಅಲ್ಲ. ಮೊಬೈಲ್ ನಂಬರೇ ಆಗಿದ್ದರೂ ಪೋರ್ಟ್ ಮಾಡುವ ಹಕ್ಕು ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವರದ್ದೇ. ಇಂಗ್ಲಿಷಿನಲ್ಲಿದ್ದ ಉದ್ದದ ಕರಾರಿನ ಕೊನೆಯ ಪುಟಗಳಲ್ಲಿ, ನಂಬರ್ ಸೇವಾದಾರರ ಸ್ವತ್ತು, ಗ್ರಾಹಕರಿಗೆ ಬಳಸುವ ಅನುಮತಿ ಮಾತ್ರ ಎಂಬ ಸಾಲು ಇತ್ತು. ಪ್ರತಿನಿಧಿಯ ಬಾಯಿಮಾತಿಗೂ ಆ ಸಾಲಿಗೂ ಸಂಬಂಧವೇ ಇರಲಿಲ್ಲ.

ದೂರು ಕೊಡುವುದೂ ಸುಲಭವಾಗಲಿಲ್ಲ. ಟೆಲಿಕಾಂ ಕಂಪನಿಯ ನೇರ ಗ್ರಾಹಕರಿಗೆ ದೂರು ಕೇಂದ್ರ, ಅದರ ಮೇಲೆ ಮೇಲ್ಮನವಿ ಪ್ರಾಧಿಕಾರ ಎಂಬ ಎರಡು ಹಂತಗಳಿವೆ. ನಡುವಿನ ಸಂಸ್ಥೆಯ ಗ್ರಾಹಕರಾದ ನಮಗೆ ಆ ಬಾಗಿಲು ತೆರೆಯಲಿಲ್ಲ. ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಗೆ ರಕ್ಷಣೆಯಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಬಳಸಿದ್ದು ಎಂದು ತೋರಿಸಿಕೊಡಬೇಕಾಗುತ್ತದೆ. ಆ ಹೊತ್ತಿಗೆ ಹಂಗಾಮು ಮುಗಿಯುತ್ತಾ ಬಂದಿತ್ತು.

ಬಾಡಿಗೆಯ ಸಹವಾಸವೇ ಬೇಡ, ಎಲ್ಲವೂ ನಮ್ಮ ಅಂಗಡಿಯೊಳಗೇ ಇರಲಿ ಎಂಬ ತೀರ್ಮಾನಕ್ಕೆ ಮನೆಯವರೆಲ್ಲ ಬಂದದ್ದು ಆಗಲೇ. ಟೆಲಿಕಾಂ ಕಂಪನಿಯೊಂದರಿಂದ ನಮ್ಮ ಸಂಸ್ಥೆಯ ಹೆಸರಿಗೇ ಸಿಪ್ ಟ್ರಂಕ್, ಅಂದರೆ ಇಂಟರ್‌ನೆಟ್ ಮಾದರಿಯ ಫೋನ್ ಸಂಪರ್ಕ ಪಡೆದು, ಆಸ್ಟರಿಸ್ಕ್ ಎಂಬ, ಕರೆಗಳನ್ನು ಹಂಚುವ ಮುಕ್ತ ತಂತ್ರಾಂಶ ಹಾಕಿದ ಸಣ್ಣ ಕಂಪ್ಯೂಟರ್ ಪೆಟ್ಟಿಗೆಯನ್ನು ಗುತ್ತಿಗೆದಾರರೊಬ್ಬರಿಂದ ಕೂರಿಸಿಕೊಂಡೆವು. 1999ರಿಂದ ಬೆಳೆದುಬಂದಿರುವ ಆ ತಂತ್ರಾಂಶ ಗಟ್ಟಿಯಾದದ್ದು, ಅದಕ್ಕೆ ಪರವಾನಗಿ ಶುಲ್ಕವೂ ಇಲ್ಲ. ಆಗಾಗ ಒಂದು ಕಡೆಯ ಧ್ವನಿ ಮಾತ್ರ ಕೇಳುವ ತೊಂದರೆ ಮೊದಲ ವಾರದಲ್ಲೇ ಕಾಣಿಸಿತು. ನಾವು “ಹಲೋ, ಹಲೋ” ಎನ್ನುವುದು ಕರೆ ಮಾಡಿದವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಅವರ ಮಾತು ನಮಗೆ ತಲುಪುತ್ತಿರಲಿಲ್ಲ. ಗುತ್ತಿಗೆದಾರರು ಇಂಟರ್‌ನೆಟ್ ವೇಗ ಸಾಲದು, ದೊಡ್ಡ ಪ್ಲಾನ್ ಹಾಕಿಸಿ ಎಂದರು. ಈ ಸಲಹೆಯನ್ನು ಯಾರು ಕೊಟ್ಟರೂ ನಂಬಬೇಡಿ. ಧ್ವನಿ ಕಳಿಸಲು ಸಾಮಾನ್ಯವಾಗಿ ಬಳಸುವ ಜಿ.711 ಎಂಬ ವಿಧಾನದಲ್ಲಿ ಒಂದು ಕರೆಗೆ ಪ್ರತಿ ದಿಕ್ಕಿಗೆ ಸುಮಾರು 80ರಿಂದ 100 ಕೆಬಿಪಿಎಸ್ ಸಾಕು. ಹತ್ತು ಕರೆಗಳು ಒಟ್ಟಿಗೆ ನಡೆದರೂ ಒಂದು ಎಂಬಿಪಿಎಸ್ ಆಸುಪಾಸಿನಲ್ಲೇ ಮುಗಿಯುತ್ತದೆ. ಒಂದು ಬದಿಯ ಧ್ವನಿ ಮಾಯವಾಗುವುದಕ್ಕೆ ಬಹುಮಟ್ಟಿಗೆ ಕಾರಣ, ಪೆಟ್ಟಿಗೆಯು ತನ್ನ ಹೊರಗಿನ ಇಂಟರ್‌ನೆಟ್ ವಿಳಾಸದ ಬದಲು ಅಂಗಡಿಯೊಳಗಿನ ವಿಳಾಸವನ್ನು ಎದುರಿನವರಿಗೆ ತಿಳಿಸುವುದು, ಅಥವಾ ರೂಟರಿನಲ್ಲಿರುವ ಸಿಪ್ ಎಎಲ್‌ಜಿ ಎಂಬ ಸೌಲಭ್ಯ ಕರೆಯ ಸಂದೇಶಗಳಲ್ಲಿ ಕೈಯಾಡಿಸುವುದು. ನಮ್ಮ ರೂಟರಿನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿದ ಮೇಲೆ ತೊಂದರೆ ನಿಂತಿತು.

ನಿಜವಾದ ಹಾನಿ ಆದದ್ದು ಆಯುಧಪೂಜೆಯ ರಜೆಯಲ್ಲಿ. ವೈಂಡಿಂಗ್ ಯಂತ್ರಗಳಿಗೂ ಗಾಡಿಗಳಿಗೂ ಪೂಜೆ ಮುಗಿಸಿ ಬಾಗಿಲು ಹಾಕಿಕೊಂಡು ಹೋದ ರಾತ್ರಿಯಿಂದ, ನಮ್ಮ ಪೆಟ್ಟಿಗೆಯ ಮೂಲಕ ಹೊರದೇಶಗಳಿಗೆ ಎಡೆಬಿಡದೆ ಕರೆಗಳು ಹೋಗಿವೆ. ಬಾಗಿಲು ತೆರೆದ ದಿನ ಕರೆಪಟ್ಟಿ ನೋಡಿದರೆ, ನಾವು ಹೆಸರು ಕೂಡ ಕೇಳಿರದ ದ್ವೀಪಗಳ ನಂಬರುಗಳಿಗೆ ಒಂದೇ ಎಕ್ಸ್‌ಟೆನ್ಷನ್‌ನಿಂದ (ಅಂಗಡಿಯೊಳಗಿನ ಫೋನಿನ ಸಂಖ್ಯೆ) ಸಾಲುಸಾಲಾಗಿ ಕರೆಗಳು ಕಂಡವು. ಆ ಎಕ್ಸ್‌ಟೆನ್ಷನ್ 101, ಗುತ್ತಿಗೆದಾರರು ಅದಕ್ಕೆ ಇಟ್ಟಿದ್ದ ಪಾಸ್‌ವರ್ಡೂ 101. ಹುಡುಗರು ಹೊರಗಿನಿಂದ ಮೊಬೈಲ್ ಆ್ಯಪ್ ಮೂಲಕ ಸೇರಿಕೊಳ್ಳಲಿ ಎಂದು ಅವರು ಸಿಪ್ ಕರೆಗಳ ಬಾಗಿಲಾದ 5060 ಪೋರ್ಟನ್ನು ಇಡೀ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದರು. ಆಡಳಿತದ ಪಾಸ್‌ವರ್ಡನ್ನು ಕೇಳಿದಾಗಲೆಲ್ಲ, ನೀವು ಏನಾದರೂ ಬದಲಿಸಿದರೆ ಕೆಟ್ಟುಹೋಗುತ್ತದೆ ಎಂದು ಹೇಳಿ ಕೊಡದೆ ಉಳಿಸಿಕೊಂಡಿದ್ದರು.

ಇದರ ಹಿಂದಿನ ಕೆಲಸ ಹೀಗೆ ನಡೆಯುತ್ತದೆ. ತೆರೆದ 5060 ಪೋರ್ಟುಗಳನ್ನು ಹುಡುಕುವ ಯಾಂತ್ರಿಕ ತಂತ್ರಾಂಶಗಳು ಜಗತ್ತಿನಾದ್ಯಂತ ಹಗಲಿರುಳು ಓಡುತ್ತಲೇ ಇರುತ್ತವೆ. ಸಿಕ್ಕ ಪೆಟ್ಟಿಗೆಯ ಮೇಲೆ 100, 101, 102 ಎಂದು ಎಕ್ಸ್‌ಟೆನ್ಷನ್‌ಗಳನ್ನೂ ಸುಲಭದ ಪಾಸ್‌ವರ್ಡುಗಳನ್ನೂ ಪ್ರಯತ್ನಿಸುತ್ತವೆ. ಒಳಹೊಕ್ಕ ಮೇಲೆ, ದುಬಾರಿ ದರವಿರುವ ಕೆಲವು ಹೊರದೇಶದ ನಂಬರುಗಳಿಗೆ ಕರೆ ಮಾಡಿಸುತ್ತವೆ. ಆ ಕರೆಗಳ ಶುಲ್ಕದಲ್ಲಿ ಒಂದು ಪಾಲು ನಂಬರ್ ಹಿಡಿದಿರುವ ವಂಚಕರಿಗೆ ಸೇರುತ್ತದೆ. ರಜೆಯ ರಾತ್ರಿಗಳನ್ನೇ ಅವರು ಆರಿಸಿಕೊಳ್ಳುವುದು ಯಾರೂ ನೋಡುತ್ತಿರುವುದಿಲ್ಲ ಎಂಬ ಕಾರಣಕ್ಕೆ. ಟೆಲಿಕಾಂ ಕಂಪನಿಯವರು, ಕರೆಗಳು ನಿಮ್ಮ ಪೆಟ್ಟಿಗೆಯಿಂದಲೇ ಹೊರಟಿವೆ, ಬಿಲ್ ನಿಮ್ಮದೇ ಎಂದು ಪತ್ರ ಕೊಟ್ಟರು. ನಮ್ಮ ಇಡೀ ವರ್ಷದ ಫೋನ್ ಖರ್ಚಿಗಿಂತ ದೊಡ್ಡ ಮೊತ್ತವನ್ನು ಕಂತುಗಳಲ್ಲಿ ತೀರಿಸಬೇಕಾಯಿತು. ಗುತ್ತಿಗೆದಾರರು ಆ ಮೇಲೆ ನಮ್ಮ ಕರೆ ಎತ್ತಲಿಲ್ಲ.

ಸ್ವಂತ ವ್ಯವಸ್ಥೆಯೇ ಬೇಕು ಎನ್ನುವವರಿಗೆ ನಾನು ಬೇಡ ಎನ್ನುವುದಿಲ್ಲ. ಆದರೆ ಐಎಸ್‌ಡಿ (ಹೊರದೇಶದ ಕರೆ) ಬೇಡವಾದರೆ ಪೆಟ್ಟಿಗೆಯಲ್ಲಿ ಮಾತ್ರವಲ್ಲ, ಟೆಲಿಕಾಂ ಕಂಪನಿಯ ಕಡೆಯಿಂದಲೇ ಅದನ್ನು ಮುಚ್ಚಿಸಿ ಲಿಖಿತ ಉತ್ತರ ಪಡೆಯಿರಿ. ತಿಂಗಳ ಬಿಲ್ಲಿಗೆ ಒಂದು ಮಿತಿ ಹಾಕಿಸಿ. ಹೊರಗಿನ ಫೋನುಗಳು ವಿಪಿಎನ್ (ಇಂಟರ್‌ನೆಟ್ಟಿನೊಳಗಿನ ಖಾಸಗಿ ದಾರಿ) ಮೂಲಕವೇ ಸೇರಲಿ, 5060 ಪೋರ್ಟು ಹೊರಜಗತ್ತಿಗೆ ಕಾಣಿಸಲೇಬಾರದು. ಪ್ರತಿ ಎಕ್ಸ್‌ಟೆನ್ಷನ್‌ಗೂ ಉದ್ದನೆಯ ಬೇರೆ ಬೇರೆ ಪಾಸ್‌ವರ್ಡ್ ಇರಲಿ, ಆಡಳಿತದ ಪಾಸ್‌ವರ್ಡ್ ಮಾಲೀಕರ ಬೀರುವಿನಲ್ಲಿ ಕಾಗದದ ಮೇಲೆ ಬರೆದಿಟ್ಟಿರಲಿ. ಅದನ್ನು ಕೊಡುವುದಿಲ್ಲ ಎನ್ನುವವರಿಗೆ ಕೊನೆಯ ಕಂತಿನ ಹಣ ಕೊಡಬೇಡಿ. ಕರೆಂಟಿನ ಲೆಕ್ಕವನ್ನೂ ಹಾಕಿ: ಹಳೆಯ ತಾಮ್ರದ ತಂತಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿದ್ದುದರಿಂದ ಊರಿನಲ್ಲಿ ಕರೆಂಟ್ ಹೋದರೂ ಸಾಮಾನ್ಯ ಫೋನ್ ಬದುಕಿರುತ್ತಿತ್ತು, ಫೈಬರ್ ಬಂದ ಮೇಲೆ ಗೋಡೆಯ ಮೇಲಿನ ಮೋಡೆಮ್, ರೂಟರ್, ಸ್ವಿಚ್, ಪೆಟ್ಟಿಗೆ ನಾಲ್ಕಕ್ಕೂ ಯುಪಿಎಸ್ ಬೇಕು. ಅಗ್ಗಕ್ಕೆ ಹತ್ತಾರು ಸಿಮ್ ಹಾಕಿದ ಪೆಟ್ಟಿಗೆ ಇಟ್ಟು ಇಂಟರ್‌ನೆಟ್ ಕರೆಗಳನ್ನು ಸ್ಥಳೀಯ ಕರೆಗಳಾಗಿ ತಿರುಗಿಸಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಒಳಗೆ ಬಿಡಬೇಡಿ. ಪರವಾನಗಿಯಿಲ್ಲದ ಅಂಥ ಎಕ್ಸ್‌ಚೇಂಜ್ ನಡೆಸುವುದು ಅಪರಾಧ, ಪೊಲೀಸರು ಬರುವುದು ಸಿಮ್ ಮತ್ತು ಜಾಗ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ಈಗ ನಮ್ಮಲ್ಲಿ ನಡೆಯುತ್ತಿರುವ ಏರ್ಪಾಡು ಸರಳವಾಗಿದೆ. ಸ್ಟಿಕ್ಕರಿನಲ್ಲಿ ಅಚ್ಚಾಗುವುದು ಸಂಸ್ಥೆಯ ದಾಖಲೆ ಕೊಟ್ಟು ಸಂಸ್ಥೆಯ ಹೆಸರಿನಲ್ಲೇ ಪಡೆದ ಪೋಸ್ಟ್‌ಪೇಯ್ಡ್ ಮೊಬೈಲ್ ನಂಬರ್. ಕೆಲಸಗಾರರ ಅಥವಾ ಏಜೆಂಟರ ಹೆಸರಿನದಲ್ಲ. ಆ ನಂಬರಿಗೆ ಬರುವ ಕರೆಗಳು ಬಾಡಿಗೆಯ ಐವಿಆರ್ ಸೇವೆಯೊಂದಕ್ಕೆ ಫಾರ್ವರ್ಡ್ ಆಗುತ್ತವೆ. ಸೇವೆ ನಿಂತುಹೋದ ದಿನ ಫಾರ್ವರ್ಡ್ ತೆಗೆದರೆ ಕರೆಗಳು ನೇರವಾಗಿ ಅಂಗಡಿಯ ಮೊಬೈಲಿಗೆ ಬೀಳುತ್ತವೆ, ಟೆಲಿಕಾಂ ಕಂಪನಿ ಸರಿಯಿಲ್ಲದಿದ್ದರೆ ನಂಬರಿನ ಸಮೇತ ಬೇರೆ ಕಂಪನಿಗೆ ಹೋಗಬಹುದು. ಫಾರ್ವರ್ಡ್ ಹಾಕುವ ಬಗ್ಗೆ ಒಂದು ಸೂಚನೆ ಕೊಡಬೇಕು: ವಂಚನೆಗಳ ಕಾರಣದಿಂದ 2024ರ ಏಪ್ರಿಲ್ 15ರಿಂದ ಯುಎಸ್‌ಎಸ್‌ಡಿ ಕೋಡ್ (ನಕ್ಷತ್ರ ಚಿಹ್ನೆಯ ಕಿರುಸಂಖ್ಯೆ) ಒತ್ತಿ ಕರೆ ಫಾರ್ವರ್ಡ್ ಮಾಡುವ ಸೌಲಭ್ಯವನ್ನು ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಆದೇಶಿಸಿತು, ಆದ್ದರಿಂದ ಕಂಪನಿಯ ಮಳಿಗೆ ಅಥವಾ ಗ್ರಾಹಕ ಸೇವೆಯ ಮೂಲಕ ಮಾಡಿಸಿಕೊಳ್ಳುವುದು ಒಳ್ಳೆಯದು. ಫಾರ್ವರ್ಡ್ ಆದ ಕರೆಗೆ ಪ್ಲಾನಿನಲ್ಲಿ ಬೇರೆ ಶುಲ್ಕವಿದೆಯೇ ಎಂಬುದನ್ನೂ ಅಲ್ಲೇ ಕೇಳಿ.

ಈಗಾಗಲೇ ಬೇರೆಯವರ ಹೆಸರಿನ ನಂಬರ್ ಬಳಸುತ್ತಿರುವವರು, ಸೇವೆ ಬಿಡುತ್ತೇವೆ ಎಂದು ಸಂಸ್ಥೆಗೆ ತಿಳಿಸುವ ಮೊದಲು ಕರೆಪಟ್ಟಿ, ಗಿರಾಕಿಗಳ ನಂಬರುಗಳು ಮತ್ತು ಧ್ವನಿಮುದ್ರಣಗಳನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ನಮ್ಮ ಖಾತೆಯನ್ನು ನಂಬರ್ ಕಡಿತವಾದ ವಾರದಲ್ಲೇ ಮುಚ್ಚಿದ್ದರಿಂದ ಅದರೊಳಗಿದ್ದ ಗಿರಾಕಿಗಳ ಪಟ್ಟಿ ನಮಗೆ ಸಿಗಲಿಲ್ಲ. ಹಳೆಯ ನಂಬರ್ ಇನ್ನೂ ನಡೆಯುತ್ತಿರುವಾಗಲೇ ಐವಿಆರ್ ಸ್ವಾಗತದ ಧ್ವನಿಯಲ್ಲಿ ಹೊಸ ನಂಬರನ್ನು ಹೇಳಿಸಲು ಶುರುಮಾಡಿ, ಒಂದು ಪೂರ್ತಿ ಬೇಸಿಗೆ ಎರಡೂ ನಂಬರುಗಳನ್ನು ಒಟ್ಟಿಗೆ ನಡೆಸಿ. ಎರಡು ಬಾಡಿಗೆ ಕಟ್ಟುವ ಖರ್ಚು ಬಂದರೂ ಪಂಪ್‌ಹೌಸಿನಲ್ಲಿ ನಿಂತು ಹಳೆಯ ಸ್ಟಿಕ್ಕರ್ ನೋಡಿ ಕರೆ ಮಾಡುವವರಿಗೆ ಹೊಸ ನಂಬರ್ ತಲುಪಲು ಬೇರೆ ದಾರಿಯಿಲ್ಲ.