‘ಇನ್ನೂ ಗೊತ್ತಿಲ್ಲ’ ಎಂಬ ಗುಂಡಿಯೇ ಇಲ್ಲದ ಸುದ್ದಿ ಆ್ಯಪ್

ಐದರಲ್ಲಿ ಎರಡು ನಕ್ಷತ್ರ ಕೊಟ್ಟಿದ್ದೇನೆ. ಯಾವುದಕ್ಕೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಆ್ಯಪಿನ ಹೆಸರು ಬರೆಯುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ಇದೇ ಅಚ್ಚಿನವು, ಒಂದನ್ನೇ ಕಟಕಟೆಗೆ ಎಳೆಯುವುದು ನ್ಯಾಯವಲ್ಲ. ನಾನು ವಿಮಾನ ನಿರ್ವಹಣಾ ಎಂಜಿನಿಯರ್ ಆಗಿ ನಿವೃತ್ತನಾದವನು. ರಾತ್ರಿ ಪಾಳಿಯಲ್ಲಿ ಟಾರ್ಚ್ ಹಿಡಿದು ಚಕ್ರದ ಗೂಡಿನೊಳಗೆ ತಲೆ ತೂರಿಸಿ, ಬೆಳಗ್ಗೆ ಲಾಗ್‌ಬುಕ್ಕಿಗೆ ಸಹಿ ಹಾಕಿ ಮನೆಗೆ ಹೋಗುತ್ತಿದ್ದವನು. ವಿಮಾನದ ಸುದ್ದಿ ಎಂದರೆ ಇಂದಿಗೂ ಕಿವಿ ನೆಟ್ಟಗಾಗುತ್ತದೆ. ಇದರಲ್ಲಿ ವಾಯುಯಾನಕ್ಕೆಂದೇ ಪ್ರತ್ಯೇಕ ವಿಭಾಗವಿದೆ ಎಂಬ ಜಾಹೀರಾತು ನೋಡಿ ಚಂದಾದಾರನಾದೆ.

ವೇಗದ ಬಗ್ಗೆ ದೂರಿಲ್ಲ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಬೋಯಿಂಗ್ 787 ವಿಮಾನ ಬಿದ್ದಾಗ, ನಾನು ಟಿವಿ ಹಾಕುವ ಮೊದಲೇ ಫೋನ್ ಗುಂಯ್‌ಗುಟ್ಟಿತು. ಯಾವ ವಿಮಾನ, ಎಲ್ಲಿಗೆ ಹೊರಟಿತ್ತು, ಒಳಗೆ ಎಷ್ಟು ಜನರಿದ್ದರು ಎಲ್ಲವೂ ಸರಿಯಾಗಿಯೇ ಬಂತು. ಕತ್ತಲಾಗುವುದರೊಳಗೆ ಪರದೆಯ ನಡುವೆ ಒಂದು ಚೌಕ ತೆರೆದುಕೊಂಡಿತು: ‘ನಿಮ್ಮ ಪ್ರಕಾರ ಹೊಣೆ ಯಾರು?’ ಕೆಳಗೆ ಮೂರು ಗುಂಡಿಗಳು. ಪೈಲಟ್. ವಿಮಾನಯಾನ ಕಂಪನಿ. ತಯಾರಕರು. ನಾಲ್ಕನೆಯದು ಎಲ್ಲಾದರೂ ಅಡಗಿದೆಯೇ ಎಂದು ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿದೆ. ಇರಲಿಲ್ಲ. ಯಾವುದಾದರೊಂದನ್ನು ಒತ್ತದ ಹೊರತು ಚೌಕ ಮುಚ್ಚುವುದೂ ಇಲ್ಲ. ಪ್ರಯಾಣಿಕರ ಕುಟುಂಬದವರಿಗಾಗಿ ಕೊಟ್ಟಿದ್ದ ಸಹಾಯವಾಣಿಯ ಸಂಖ್ಯೆ ಅದರ ಹಿಂದೆ ಅರ್ಧ ಮರೆಯಾಗಿತ್ತು.

ಫೋನನ್ನೇ ಆರಿಸಿ ಮತ್ತೆ ಹಚ್ಚಿದೆ.

ಜುಲೈ 12ಕ್ಕೆ ಪ್ರಾಥಮಿಕ ವರದಿ ಬಂತು. ಅಂತರರಾಷ್ಟ್ರೀಯ ನಿಯಮದಲ್ಲಿ ಇಂಥ ವರದಿಗೆ 30 ದಿನಗಳ ಗಡುವಿದೆ. ಈವರೆಗೆ ಏನು ಸಿಕ್ಕಿದೆ ಎಂದು ತಿಳಿಸುವುದಷ್ಟೇ ಅದರ ಕೆಲಸ. ವಿಮಾನ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಎರಡೂ ಎಂಜಿನ್‌ಗಳ ಇಂಧನ ಸ್ವಿಚ್‌ಗಳು, ಒಂದು ಸೆಕೆಂಡಿನ ಅಂತರದಲ್ಲಿ, ‘ರನ್’ನಿಂದ, ಇಂಧನ ನಿಲ್ಲಿಸುವ ‘ಕಟ್ ಆಫ್’ಗೆ ಬಂದವು. ಏಕೆ ಕಟ್ ಆಫ್ ಮಾಡಿದಿರಿ ಎಂದು ಒಬ್ಬ ಪೈಲಟ್ ಕೇಳಿದ್ದೂ ತಾನು ಮಾಡಿಲ್ಲ ಎಂದು ಇನ್ನೊಬ್ಬರು ಹೇಳಿದ್ದೂ ಧ್ವನಿಮುದ್ರಣದಲ್ಲಿದೆ. ಕೇಳಿದವರು ಯಾರು, ಉತ್ತರಿಸಿದವರು ಯಾರು ಎಂದು ವರದಿ ಬರೆಯಲಿಲ್ಲ. ಆ್ಯಪ್ ಬರೆಯಿತು, ಫೋಟೊ ಸಮೇತ.

ಈ ಜಾತಿಯ ಸ್ವಿಚ್‌ಗಳನ್ನು ನಾನು ಬಲ್ಲೆ. ಕೈ ತಗುಲಿದ ಮಾತ್ರಕ್ಕೆ ಕದಲುವಂಥವಲ್ಲ. ಹಿಡಿಯನ್ನು ಮೇಲಕ್ಕೆತ್ತಿ, ತಡೆಯನ್ನು ದಾಟಿಸಿ, ಆಮೇಲೆ ಇಳಿಸಬೇಕು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಇಂಥ ಸ್ವಿಚ್‌ಗಳ ಈ ತಡೆಯ ಬಗ್ಗೆಯೇ ಅಮೆರಿಕದ ವಿಮಾನಯಾನ ನಿಯಂತ್ರಕರು 2018ರಲ್ಲಿ, ತಪಾಸಣೆ ಮಾಡಿ ಎಂಬ ಸೂಚನೆಯೊಂದನ್ನು ಹೊರಡಿಸಿದ್ದರು. ಅದು ಸಲಹೆಯಷ್ಟೇ, ಕಡ್ಡಾಯವಲ್ಲ ಎಂಬ ಕಾರಣಕ್ಕೆ ಆ ತಪಾಸಣೆ ನಡೆದಿರಲಿಲ್ಲ. ಅದರಿಂದಲೇ ಹೀಗಾಯಿತು ಎಂದು ನಾನೀಗ ಹೇಳಿದರೆ, ಆ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಿದಂತೆಯೇ ಆಯಿತು. ಹಾಗಾಗಿ ಹೇಳುವುದಿಲ್ಲ. ಆದರೆ ಆ್ಯಪಿನ ‘ವರದಿಯ ಮುಖ್ಯಾಂಶಗಳು’ ಪಟ್ಟಿಯಲ್ಲಿ ಈ ಸಂಗತಿಗೆ ಜಾಗವೇ ಸಿಗಲಿಲ್ಲ.

ನನಗೇಕೆ ಇಷ್ಟು ಉರಿ ಎಂದರೆ, ನಾನೂ ಒಮ್ಮೆ ಆ ಗುಂಡಿಯಾಗಿದ್ದೆ. ನನ್ನ ಪಾಳಿಯಲ್ಲಿ ಚಕ್ರ ಬದಲಿಸಿದ ವಿಮಾನವೊಂದರ ಟಯರ್ ಮರುದಿನ ಇಳಿಯುವಾಗ ಒಡೆಯಿತು. ಯಾರಿಗೂ ಗಾಯವಾಗಲಿಲ್ಲ. ನಾನು ನಿದ್ದೆ ಮುಗಿಸಿ ಬರುವಷ್ಟರಲ್ಲಿ ಲಾಗ್‌ಬುಕ್ ವಶಪಡಿಸಿಕೊಂಡಿದ್ದರು. ನಟ್ಟು ಬಿಗಿಸಲು ನಾನು ಬಳಸಿದ ಟಾರ್ಕ್ ರೆಂಚಿಗೆ ಕೆಂಪು ಚೀಟಿ ಕಟ್ಟಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಅದು ಸರಿಯಾದ ಕ್ರಮವೇ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಬೇಸರವಾದದ್ದು ಕ್ಯಾಂಟೀನಿನಲ್ಲಿ. ನಾನು ತಟ್ಟೆ ಹಿಡಿದು ಹೋಗುತ್ತಿದ್ದಂತೆ ನಮ್ಮ ಮೇಜಿನಲ್ಲಿ ಮಾತು ನಿಂತಿತು. 19 ದಿನ ಒಬ್ಬನೇ ಊಟ ಮಾಡಿದೆ. ಕೊನೆಗೆ ತಿಳಿದದ್ದೇನೆಂದರೆ, ರನ್‌ವೇಯಲ್ಲಿ ಬಿದ್ದಿದ್ದ ಹೆಬ್ಬೆರಳಿನ ಉಗುರಿನಷ್ಟು ಲೋಹದ ಚೂರು ಟಯರನ್ನು ಸೀಳಿತ್ತು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ, ಮೇಜಿಗೆ ಮರಳಿ ಬಂದರು, ಅಷ್ಟೇ. ರೆಂಚಿನ ಕೆಂಪು ಚೀಟಿಯನ್ನು ಹರಿದರೂ ಅದರ ದಾರ ಬಹಳ ದಿನ ಅಲ್ಲೇ ನೇತಾಡುತ್ತಿತ್ತು.

ಇನ್ನು ‘ಅಪಘಾತ ಕೋಶ’ ಎಂಬ ಪುಟ. ಹಳೆಯ ಅಪಘಾತಗಳ ಕೋಷ್ಟಕ. ಕೊನೆಯ ಅಂಕಣದಲ್ಲಿ ‘ಕಾರಣ’, ಒಂದೆರಡು ಪದಗಳಲ್ಲಿ. 2002ರ ಜುಲೈ 1ರ ಊಬರ್‌ಲಿಂಗನ್ ಸಾಲನ್ನು ತೆಗೆದೆ. ಜರ್ಮನಿಯ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತರು, ಅವರಲ್ಲಿ 52 ಮಕ್ಕಳು. ಕಾರಣ: ‘ಕಂಟ್ರೋಲರ್ ತಪ್ಪು’.

ಆ ರಾತ್ರಿ, ಆ ಭಾಗದ ಆಕಾಶವನ್ನು ನೋಡಿಕೊಳ್ಳುತ್ತಿದ್ದ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ವಿಮಾನ ಸಂಚಾರ ನಿಯಂತ್ರಣ ಕೊಠಡಿಯಲ್ಲಿ ಎರಡು ಪರದೆಗಳ ಮುಂದೆ ಕೆಲಸ ಮಾಡುತ್ತಿದ್ದವರು ಒಬ್ಬರೇ. ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ಅಲ್ಲಿ ಅದು ರೂಢಿ, ಮೇಲಿನವರಿಗೂ ಗೊತ್ತಿತ್ತು. ರಿಪೇರಿಗಾಗಿ ಮುಖ್ಯ ದೂರವಾಣಿ ಮಾರ್ಗವನ್ನು ನಿಲ್ಲಿಸಿದ್ದರು, ರೇಡಾರ್ ವ್ಯವಸ್ಥೆ ಅರೆಬರೆ ನಡೆಯುತ್ತಿತ್ತು. ಅಪಾಯವನ್ನು ಮೊದಲೇ ಕಂಡ, ಜರ್ಮನಿಯ ಕಾರ್ಲ್ಸ್‌ರುಹೆಯ ಕಂಟ್ರೋಲರ್‌ಗಳು ಕರೆ ಮಾಡಿದರು, ಮಾಡಿದರು, ಸಂಪರ್ಕವೇ ಸಿಗಲಿಲ್ಲ. ಇಳಿಯಿರಿ ಎಂದು ಈ ಒಬ್ಬರು ಹೇಳಿದ ವಿಮಾನಕ್ಕೆ, ಅದರೊಳಗಿನ ಎಚ್ಚರಿಕೆ ಯಂತ್ರ ಏರಿ ಎನ್ನುತ್ತಿತ್ತು. ಎರಡು ಆದೇಶಗಳು ತಿಕ್ಕಾಡಿದರೆ ಯಾವುದನ್ನು ಪಾಲಿಸಬೇಕೆಂಬ ನಿಯಮವೂ ಆಗ ಸ್ಪಷ್ಟವಿರಲಿಲ್ಲ. ಇಷ್ಟನ್ನೂ ಜೋಡಿಸಿ ಹೇಳಿದ ಅಂತಿಮ ವರದಿ ಹೊರಬಂದದ್ದು 2004ರ ಮೇ 19ರಂದು. ಅದೇ ವರ್ಷದ ಫೆಬ್ರುವರಿ 24ರಂದು, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಆ ವಿಮಾನದಲ್ಲಿ ಕಳೆದುಕೊಂಡಿದ್ದ ತಂದೆಯೊಬ್ಬ ಜ್ಯೂರಿಕ್‌ನ ಆ ಕಂಟ್ರೋಲರ್‌ನ ಮನೆ ಹುಡುಕಿಕೊಂಡು ಬಂದು, ಬಾಗಿಲಲ್ಲೇ ಇರಿದು ಕೊಂದಾಗಿತ್ತು.

ಕೋಶದಲ್ಲಿ ಇನ್ನೂ ‘ಕಂಟ್ರೋಲರ್ ತಪ್ಪು’ ಎಂದೇ ಇದೆ.

ಉಳಿದ ಸಾಲುಗಳೂ ಹೀಗೆಯೇ. 1979ರಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಪರ್ವತಕ್ಕೆ ಬಡಿದು 257 ಜನ ಸತ್ತ ವಿಮಾನದ ಮುಂದೆ ‘ಪೈಲಟ್ ತಪ್ಪು’ ಎಂದಿದೆ. ಮೊದಲ ತನಿಖಾ ವರದಿಯೂ ಹಾಗೆಯೇ ಹೇಳಿತ್ತು, ನಿಜ. ಆದರೆ ಕಂಪ್ಯೂಟರಿನಲ್ಲಿದ್ದ ಹಾರಾಟದ ಹಾದಿಯನ್ನು ಪೈಲಟ್‌ಗಳಿಗೆ ತಿಳಿಸದೆ ಬದಲಿಸಿದ್ದೇ ಮುಖ್ಯ ಕಾರಣ ಎಂದು 1981ರಲ್ಲಿ ನ್ಯೂಜಿಲೆಂಡಿನ ತನಿಖಾ ಆಯೋಗವಾದ ರಾಯಲ್ ಕಮಿಷನ್ ಹೇಳಿದ್ದು ಕೋಶಕ್ಕೆ ತಲುಪಿಲ್ಲ. 2018ರ ಲಯನ್ ಏರ್ ಅಪಘಾತದ ಮುಂದೆ ‘ಸಾಫ್ಟ್‌ವೇರ್’ ಎಂಬ ಒಂದೇ ಪದ. ಇಂಡೊನೇಷ್ಯಾದ ಅಂತಿಮ ವರದಿ ಒಂಬತ್ತು ಅಂಶಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ನಮ್ಮ ಕಸುಬಿನವರೂ ಇದ್ದಾರೆ: ಎದುರಿನ ಗಾಳಿಗೆ ವಿಮಾನ ಎಷ್ಟು ಕೋನದಲ್ಲಿದೆ ಎಂದು ಅಳೆಯುವ, ರಿಪೇರಿಯಾಗಿ ಬಂದ ಸೆನ್ಸರ್ 21 ಡಿಗ್ರಿ ತಪ್ಪು ತೋರಿಸುತ್ತಿತ್ತು, ಅದನ್ನೇ ಜೋಡಿಸಿ ವಿಮಾನವನ್ನು ಬಿಟ್ಟಿದ್ದರು. ನಮ್ಮವರು ಕೋಶದ ಸಾಲಿನಿಂದ ಪಾರಾದದ್ದು ನನಗೆ ಖುಷಿಯ ವಿಷಯವೇನಲ್ಲ.

ಗ್ರಾಹಕ ಸೇವೆಗೆ ಬರೆದೆ. ಎರಡು ಕೋರಿಕೆ: ಮತದಾನದ ಚೌಕಕ್ಕೆ ‘ಇನ್ನೂ ಗೊತ್ತಿಲ್ಲ’ ಎಂಬ ಗುಂಡಿ ಸೇರಿಸಿ, ಅಂತಿಮ ವರದಿ ಬಂದಾಗ, ಮೊದಲ ದಿನದ ಸುದ್ದಿ ಓದಿದವರಿಗೆಲ್ಲ ಅಷ್ಟೇ ಜೋರಾಗಿ ಗಂಟೆ ಬಾರಿಸಿ. ಉತ್ತರ ನಾಲ್ಕು ನಿಮಿಷದಲ್ಲಿ ಬಂತು. ನನ್ನ ಅಭಿಪ್ರಾಯ ಅವರಿಗೆ ಅಮೂಲ್ಯವಂತೆ. ಕೆಳಗೆ, ಈ ಉತ್ತರ ಸಮಾಧಾನ ತಂದಿತೇ ಎಂಬ ಪ್ರಶ್ನೆಗೆ ಎರಡು ಗುಂಡಿಗಳಿದ್ದವು: ‘ಹೌದು’, ‘ತುಂಬಾ’.

ಎರಡು ನಕ್ಷತ್ರಗಳ ಲೆಕ್ಕಕ್ಕೆ ಬರುತ್ತೇನೆ. ಒಂದು, ಅಕ್ಷರಗಳ ಗಾತ್ರಕ್ಕೆ. ನನ್ನ ವಯಸ್ಸಿನವರು ಕನ್ನಡಕವಿಲ್ಲದೆ ಓದಬಹುದು. ಇನ್ನೊಂದು, ಹವಾಮಾನದ ಪುಟಕ್ಕೆ. ನಾಳೆ ಮಳೆ ಬರುವ ಸಾಧ್ಯತೆ ಶೇಕಡಾ 40 ಎಂದು ಅದರಲ್ಲಿ ಬರೆಯುತ್ತಾರೆ. ಸಂಜೆಯ ಹೊತ್ತಿಗೆ ಲೆಕ್ಕ ಬದಲಾದರೆ, ಬದಲಾಗಿದೆ ಎಂದೂ ತಿಳಿಸುತ್ತಾರೆ.