ಜಾತ್ರೆಗೆ ಎತ್ತು ಒಯ್ದ ಪಿಕಪ್: ಐದಕ್ಕೆ ಮೂರು ಸ್ಟಾರ್

ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ನಮ್ಮ ಖಿಲಾರಿ ತಳಿಯ ಎತ್ತಿನ ಜೋಡಿ ಒಯ್ಯಲು ಇಂಡಿ ಕಡೆಯ ಒಂದು ಪಿಕಪ್ ಬಾಡಿಗೆ ಹಿಡಿದಿದ್ದೆ. ಹೋಗಿ ಬರಲು 3,800 ರೂಪಾಯಿ. ಗಾಡಿಯವನ ಹೆಸರು ಬರೆಯೋದಿಲ್ಲ. ಹುಡುಗ ಒಳ್ಳೆಯವನೇ, ಹೊಟ್ಟೆ ಮೇಲೆ ಯಾಕೆ ಹೊಡೀಬೇಕು.

ಟೈಮಿನ ವಿಷಯದಲ್ಲಿ ಪೂರ್ತಿ ಮಾರ್ಕ್ಸ್. ನಸುಕಿನ ಐದಕ್ಕೆ ಬಾ ಅಂದಿದ್ದೆ, ಹತ್ತು ನಿಮಿಷ ಮುಂಚೆಯೇ ಹಾರ್ನ್ ಕೇಳಿಸಿತು. ಆದರೆ ಹೋಗಿ ನೋಡಿದರೆ ಗಾಡಿಯಲ್ಲಿ ಪಕ್ಕದೂರಿನ ಹೋರಿ ಒಂದು ಆಗಲೇ ನಿಂತಿತ್ತು. "ಕಾಕಾರ, ದಾರ್ಯಾಗ ಸಿಕ್ತು. ಮೂರೂ ಹಿಡಸ್ತಾವ ಬಿಡ್ರಿ" ಅಂದ.

ನನ್ನ ಮಗಳು ಲಾ ಓದುತ್ತಿದ್ದಾಳೆ. ಹಿಂದಿನ ರಾತ್ರಿಯೇ ಫೋನಿನಲ್ಲಿ ಪಾಠ ಮಾಡಿದ್ದಳು: ಮೋಟಾರು ವಾಹನ ನಿಯಮದ ಪ್ರಕಾರ 2016ರಿಂದ ದನ ಸಾಗಿಸುವ ಗಾಡಿಯಲ್ಲಿ ಪ್ರತಿ ಆಕಳು, ಎಮ್ಮೆಗೆ 2 ಮೀಟರ್ ಉದ್ದ, 1 ಮೀಟರ್ ಅಗಲ ಜಾಗ ಬೇಕು. ಎತ್ತಿಗೂ ಅದೇ ಲೆಕ್ಕ ಹಿಡಿದೆ. ಟೇಪ್ ತಂದು ಅಳೆದೆ. 9 ಅಡಿ ಉದ್ದ, ಐದೂವರೆ ಅಡಿ ಅಗಲ. ಅಗಲ ಸ್ವಲ್ಪ ಕಮ್ಮಿ, ಆದರೆ ಒಟ್ಟು ಜಾಗದ ಲೆಕ್ಕದಲ್ಲಿ ಎರಡಕ್ಕೆ ಸಾಕು, ಮೂರಕ್ಕೆ ಸಾಲದು.

ಅವನೂ ಕಚ್ಚಾ ಆಸಾಮಿ ಅಲ್ಲ. "ಪ್ರಾಣಿ ಹಿಂಸೆ ಅಂತ ಕೇಸ್ ಹಾಕಿದ್ರ ಐವತ್ತು ರೂಪಾಯಿ ದಂಡ ರೀ. ಈ ಹೋರಿ ಬಾಡಿಗಿ ಸಾವಿರ ಐತಿ." ಅವನ ಲೆಕ್ಕ ತಪ್ಪಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ 10 ರೂಪಾಯಿಯಿಂದ 50ರವರೆಗೆ, ಅಷ್ಟೇ. ಆಗಿನ ಕಾಲಕ್ಕೆ ಅದು ದೊಡ್ಡ ದುಡ್ಡು ಇರಬಹುದು. ಈಗ ಜಾತ್ರೆಯಲ್ಲಿ ಒಂದು ಪ್ಲೇಟ್ ಮಿರ್ಚಿ ಭಜಿ, ಮೇಲೊಂದು ಚಹಾ.

ಆದರೂ ಟೇಪಿನ ಮುಂದೆ ವಾದ ನಡೆಯಲಿಲ್ಲ. ನಿಜ ಹೇಳಬೇಕೆಂದರೆ, ಬೇರೆ ಗಾಡಿ ಕರೀತೀನಿ ಅಂದದ್ದೂ ಕೆಲಸ ಮಾಡಿತು. ಗೊಣಗುತ್ತಾ ಹೋರಿ ಇಳಿಸಿದ. ಅದರ ಮಾಲೀಕ ನನ್ನನ್ನು ನೋಡಿದ ನೋಟ ಬೇಡ. ನಡುವೆ ಪಾರ್ಟಿಷನ್ ಇರಬೇಕು ಅಂತಲೂ ನಿಯಮ ಇದೆ, ಅದು ಇರಲಿಲ್ಲ. ನಾನೇ ಒಂದು ಬಿದಿರಿನ ಗಳ ಕಟ್ಟಿದೆ.

ನಾನು ಸೋತದ್ದು ಅಳತೆ ಇಲ್ಲದ ಕಡೆ. 1978ರ ಸಾಗಣೆ ನಿಯಮದಲ್ಲಿ ದನದ ಮುಖ "ಆದಷ್ಟು" ಎಂಜಿನ್ ಕಡೆ ಇರಲಿ ಅಂತಿದೆ. "ಆದಷ್ಟು ಅಂತ ಐತಲ್ರೀ, ಈಗ ಆಗಂಗಿಲ್ಲ" ಅಂತ ಹಿಂದಕ್ಕೆ ಮುಖ ಮಾಡಿಯೇ ಕಟ್ಟಿದ. ನೆಲಕ್ಕೆ ಜಾರದಂತೆ ನಾರಿನ ಚಾಪೆಯನ್ನೋ ಹಲಗೆಯನ್ನೋ ಹಾಕಬೇಕು. ಇವನು ತಗಡಿನ ಮೇಲೆ ಒಂದು ಹೊರೆ ಕಬ್ಬಿನ ರವದಿ (ಒಣ ಎಲೆ) ಚೆಲ್ಲಿ, ಮೆತ್ತಗೈತಿ ನೋಡ್ರಿ ಅಂದ. ಅರ್ಧ ದಾರಿಯಲ್ಲಿ ಒಂದು ಹಂಪ್ ಬಂತು. ಬ್ರೇಕ್ ಹಾಕಿದ. ಎಡಗಡೆಯ ಎತ್ತು ಜಾರಿ ಮೊಣಕಾಲು ತರಚಿಕೊಂಡಿತು. ಕಾಯ್ದೆಯಲ್ಲಿ "ಅನಗತ್ಯ ನೋವು" ಅಂತ ಒಂದು ಮಾತಿದೆ. ಅದನ್ನು ಹೇಳಿದರೆ, "ನಾ ಎಲ್ಲಿ ಹೊಡದೀನ್ರೀ, ಹಂಪ್ ಸರ್ಕಾರದ್ದು" ಅಂದ. ಯಾವುದು ಅಗತ್ಯದ ನೋವು, ಯಾವುದು ಅಲ್ಲ ಅಂತ ರಸ್ತೆ ಮೇಲೆ ನಿಂತು ತೀರ್ಮಾನ ಮಾಡೋದು ಯಾರು?

ಇಳಿಸಲು ಹಲಗೆಯೂ ಇರಲಿಲ್ಲ. ಮಣ್ಣಿನ ದಿಬ್ಬ ಹುಡುಕಿ ಗಾಡಿ ಹಚ್ಚಬೇಕಾಯಿತು. ಪ್ರಯಾಣಕ್ಕೆ ಫಿಟ್ ಅಂತ ಪಶು ವೈದ್ಯರ ಸರ್ಟಿಫಿಕೇಟ್ ಬೇಕು, ಅದನ್ನು ಅವನು ಕೇಳಲೇ ಇಲ್ಲ. ನಾನೇ ಹಿಂದಿನ ದಿನ ಮಾಡಿಸಿ ಇಟ್ಟುಕೊಂಡಿದ್ದೆ. ಡ್ರೈವಿಂಗ್ ಮಾತ್ರ ಹಂಪ್ ಬಿಟ್ಟರೆ ಚೊಕ್ಕ.

ಎತ್ತು ಮಾರಲಿಲ್ಲ, ರೇಟು ಕುದುರಲಿಲ್ಲ. ವಾಪಸ್ ಬರುವಾಗ ಬಜಾರಿನಲ್ಲಿ 900 ಕೊಟ್ಟು ಎರಡು ನಾರಿನ ಚಾಪೆ ತಂದು ನಾನೇ ಹಾಸಿದೆ. ಈ ಸಲ ಒಂದೂ ಜಾರಲಿಲ್ಲ. ಮನೆ ಮುಂದೆ ಇಳಿಸಿದ ಮೇಲೆ ಹುಡುಗ ತಲೆ ಕೆರೆದುಕೊಂಡು, "ಚಾಪಿ ಗಾಡ್ಯಾಗ ಇರ್ಲಿ ಬಿಡ್ರಿ ಕಾಕಾರ" ಅಂದ. ಬಿಟ್ಟೆ. ನಮ್ಮ ಕಡೆ ಯಾವುದಾದರೂ ಪಿಕಪ್ಪಿನಲ್ಲಿ ಹಸಿರು ಅಂಚಿನ ಎರಡು ಚಾಪೆ ಕಂಡರೆ, ಅದೇ ಗಾಡಿ.